ಜೇಬಿನ ಮೂಲೆಯಲ್ಲೊಂದು ಹೊಲಿಗೆ

ಬೆಳಗಿನ ಐದೂವರೆ. ದೂಯಿತಾಮಾ ಊರಂಚಿನ ಆಲೂಗಡ್ಡೆ ಹೊಲಗಳ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ. ಹೊಲಿಗೆ ಕಾರ್ಖಾನೆಯ ಉದ್ದನೆಯ ಕೊಠಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಎಡೆಲ್ಮಿರಾ ಸಿಯಾಚೋಕೆ ಕೂತಿದ್ದಾರೆ. ಹೆಗಲ ಮೇಲೆ ರುವಾನಾ ಎಂಬ ಕಂದು ಉಣ್ಣೆಯ ಹೊದಿಕೆ, ಎರಡು ಅಂಗೈಗಳ ನಡುವೆ ಬಿಸಿ ಬೆಲ್ಲದ ನೀರಿನ ಲೋಟ. ಕುಡಿಯುವ ಅವಸರವಿಲ್ಲ, ಮೊದಲು ಬೆರಳು ಕಾಯಬೇಕು. ಬೆರಳು ಮರಗಟ್ಟಿದರೆ ಬಟ್ಟೆ ಕೈಗೆ ನಿಲ್ಲುವುದಿಲ್ಲ. ಸೈಕಲ್ ಸವಾರರ ಈ ಬಟ್ಟೆ ಹಾವಿನ ಪೊರೆಯಷ್ಟು ತೆಳು.

ಲೋಟ ಆರುತ್ತಿದ್ದಂತೆ ಎರಡೇ ಗುಟುಕಿಗೆ ಮುಗಿಸಿ, ರುವಾನಾವನ್ನು ಕುರ್ಚಿಯ ಬೆನ್ನಿಗೆ ಹಾಕಿ, ಮೆಶಿನ್ನಿನ ಪೆಡಲಿನ ಮೇಲೆ ಕಾಲಿಡುತ್ತಾರೆ. ಜೆರ್ಸಿಯ ಬೆನ್ನಿನ ಕೆಳಭಾಗಕ್ಕೆ ಮೂರು ಜೇಬು ಕೂರಿಸುವುದು ಅವರ ಕೆಲಸ. ಮೂರು ಜೇಬಿಗೆ ಆರು ಮೂಲೆ. ಮೂಲೆ ಬಿಟ್ಟುಕೊಳ್ಳದಂತೆ ಪ್ರತಿಯೊಂದಕ್ಕೂ ಒಂದೊಂದು ಬಿಗಿ ಹೊಲಿಗೆ ಬೀಳಬೇಕು. ಐದು ಮೂಲೆಗಳಿಗೆ ಒಂದೊಂದು ನೇರ ಗೆರೆ. ಆರನೆಯದಕ್ಕೆ ಬಂದಾಗ ಎಡೆಲ್ಮಿರಾ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸುತ್ತಾರೆ. ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಅದರ ಮೇಲೆ ಅಡ್ಡಕ್ಕೊಂದು. ತುಟಿ ಅಲುಗುತ್ತದೆ. ಬಟ್ಟೆಯ ಬಣ್ಣದ್ದೇ ನೂಲು, ಜೋಳದ ಕಾಳಿನಷ್ಟೇ ಅಗಲ. ಹುಡುಕಿಕೊಂಡು ಹೋದವರಿಗೂ ಸುಲಭಕ್ಕೆ ಕಾಣದ ಒಂದು ಶಿಲುಬೆ.

ಪಕ್ಕದ ಮೆಶಿನ್ನಿನ ರೊಸಾಲ್ಬಾ ಕೈ ಉಜ್ಜುತ್ತ ಒಳಗೆ ಬರುತ್ತಾರೆ. ಇಬ್ಬರದೂ ಇಪ್ಪತ್ತು ವರ್ಷದ ಗೆಳೆತನ.

"ಶುರುವಾಯ್ತಾ ಜಪ? ನೋಡ್ತಿರು, ಯಾವತ್ತೋ ಒಂದಿನ ಆ ಜೇಬಲ್ಲಿಟ್ಟ ಬಾಳೆಹಣ್ಣು ಪ್ರಸಾದ ಆಗ್ಬಿಡುತ್ತೆ. ಸವಾರ ತಿನ್ನೋಕೆ ಮುಂಚೆ ಮಂಡಿ ಊರ್ಬೇಕಾಗುತ್ತೆ."

"ಊರ್ಲಿ ಬಿಡೆ. ಘಾಟಿ ಹತ್ತಿ ಹತ್ತಿ ಮಂಡಿ ಹೆಂಗೂ ಸವೆದಿರುತ್ತೆ."

ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಬುಧವಾರ. ನಾಳೆ ಮಧ್ಯಾಹ್ನದಿಂದ ಭಾನುವಾರದವರೆಗೆ ಕಾರ್ಖಾನೆಗೆ ರಜೆ. ಸೋಮವಾರ ಬಾಗಿಲು ತೆರೆಯುವಾಗ ಈ ಜಾಗದಲ್ಲಿ ಹೊಸ ಯಂತ್ರ ಇರುತ್ತದೆ. ಅದಕ್ಕೆ ಸೂಜಿಯಿಲ್ಲ, ನೂಲೂ ಇಲ್ಲ. ಜೇಬನ್ನು ಬಿಸಿ ಅಂಟಿನಿಂದ ಜೆರ್ಸಿಗೆ ಕೂಡಿಸುತ್ತದೆ. ಹೊಲಿಗೆಯೇ ಇಲ್ಲದ ಜೇಬಿಗೆ ಆರನೇ ಮೂಲೆಯ ಹೊಲಿಗೆ ಎಲ್ಲಿಂದ ಬರಬೇಕು? ಅದನ್ನು ಉಳಿಸಿಕೊಳ್ಳಲು ಒಂದು ದಾರಿ ಇತ್ತು. ಅದಕ್ಕೆ ಒಪ್ಪಿಗೆಯೋ ಇಲ್ಲವೋ ಎಂದು ಎಡೆಲ್ಮಿರಾ ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಹೇಳಬೇಕು.

ಈ ಕಂಪನಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆಯಬಾರದೆಂಬುದು ಎಡೆಲ್ಮಿರಾ ಹಾಕಿದ ಷರತ್ತು. "ಯಾವ ಅಂಗಿ ಅಂತ ಹಾಕ್ಕೊಂಡೋನಿಗೆ ಗೊತ್ತಾಗ್ಬಾರ್ದು" ಎಂದರು. ಇಷ್ಟು ಹೇಳಬಹುದು: ಹದಿನಾಲ್ಕು ವರ್ಷದ ಹಿಂದೆ ಒಂದು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಎರಡು ಮೆಶಿನ್ ಇಟ್ಟುಕೊಂಡು ಶುರುವಾದ ಹೊಲಿಗೆ ಅಂಗಡಿಯಲ್ಲಿ ಈಗ ತೊಂಬತ್ತು ಜನ ದುಡಿಯುತ್ತಾರೆ. ರಾಜಧಾನಿ ಬೊಗೊತಾದ ದುಬಾರಿ ಬೀದಿಯಲ್ಲಿ ಅದರ ಗಾಜಿನ ಮಳಿಗೆ ಇದೆ. ಸಮುದ್ರದಾಚೆಯ ದೊಡ್ಡ ಊರುಗಳ ಸವಾರರು ತಿಂಗಳುಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಅಲ್ಲಿ ಒಂದು ಜೆರ್ಸಿಗೆ ಕೊಡುವ ಬೆಲೆಗೆ ಇಲ್ಲಿ ಎರಡು ಕುರಿ ಬರುತ್ತವೆ. ಮಳಿಗೆಯ ಗೋಡೆಯ ಮೇಲೆ ಬೆಟ್ಟಗಳ ಚಿತ್ರವಿದೆ, ಮಂಜಿನ ಚಿತ್ರವಿದೆ. ಸೂಜಿ ಹಿಡಿದ ಕೈಯ ಚಿತ್ರ ಎಲ್ಲೂ ಇಲ್ಲ. ಬೇರು ಯಾರಿಗೆ ಕಾಣುತ್ತದೆ, ಕಾಣುವುದು ಹೂವಲ್ಲವೇ?

ಎಡೆಲ್ಮಿರಾ ಹುಟ್ಟಿದ್ದು ಊರಿಂದ ಮೇಲಕ್ಕೆ, ಮರಗಳು ಮುಗಿದು ಬರೀ ಹುಲ್ಲು ಬೆಳೆಯುವ ಎತ್ತರದಲ್ಲಿ. ಅಪ್ಪನಿಗೆ ಹನ್ನೊಂದು ಕುರಿ. ಅಮ್ಮ ದಾರಿ ನಡೆಯುತ್ತಲೇ ತಕಲಿಯಲ್ಲಿ ಉಣ್ಣೆ ನೂಲುವವರು. ಮೂರನೇ ತರಗತಿಗೆ ಓದು ನಿಂತಿತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಪಚ್ಚೆಕಲ್ಲಿನ ಗಣಿಗೆ ಹೋದವರು ತಿರುಗಿ ಬರಲಿಲ್ಲ. ಸತ್ತರೋ, ಇನ್ನೊಂದು ಸಂಸಾರ ಹೂಡಿದರೋ, ಯಾರೂ ಬಂದು ಹೇಳಲಿಲ್ಲ. ಮೂರು ವರ್ಷದ ಮಗ ದುವಾನ್‌ನನ್ನು ಸೊಂಟಕ್ಕೆ ಏರಿಸಿಕೊಂಡು ಕೆಳಗೆ ಇಳಿದು ಬಂದ ಎಡೆಲ್ಮಿರಾ, ಶಾಲೆಯ ಯೂನಿಫಾರಂ ಹೊಲಿಯಲು ಕೂತರು.

ಪಕ್ಕದ ಬೀದಿಯಲ್ಲಿ ಎಫ್ರೇನ್ ಪುಲಿದೊ ಎಂಬ ಹುಡುಗನಿದ್ದ. ಸೈಕಲ್ ಪಂದ್ಯದ ಹುಚ್ಚು. ಈಗ ಕಂಪನಿಯ ಯಜಮಾನ ಅವನೇ, ಎಡೆಲ್ಮಿರಾರನ್ನು ಗೌರವಕ್ಕೆ ಇವತ್ತಿಗೂ ದೊನ್ಯಾ ಎಂದೇ ಕರೆಯುವವ.

"ಒಂದು ಪಂದ್ಯನೂ ಗೆಲ್ಲಿಲ್ಲ, ಪಾಪ. ಪೆಡಲ್ ತುಳಿದಿದ್ದಕ್ಕಿಂತ ನೆಲ ಸವರಿದ್ದೇ ಜಾಸ್ತಿ. ವಾರ ವಾರ ಹರಿದ ಚಡ್ಡಿ ಹಿಡ್ಕೊಂಡು ಬರೋನು, ದೊನ್ಯಾ ಎಡೆಲ್ಮಿರಾ ಇದನ್ನ ಹೊಲೀರಿ ಅಂತ. ಹೊಲಿಯೋವಾಗ ಪಕ್ಕದಲ್ಲೇ ಕೂತು, ಇಲ್ಲಿ ಉಜ್ಜುತ್ತೆ, ಇಲ್ಲಿ ಗಾಳಿ ನುಗ್ಗುತ್ತೆ, ಇಲ್ಲಿ ಮಳೆ ಇಳಿಯುತ್ತೆ ಅಂತ ಹೇಳೋನು. ಬಿದ್ದೋನಿಗೇ ಗೊತ್ತು ನೋಡಿ, ಬಟ್ಟೆ ಎಲ್ಲಿ ನೋಯಿಸುತ್ತೆ ಅಂತ."

ಆ ಮಾತುಗಳಿಂದಲೇ ಶೆಡ್ಡಿನ ಅಂಗಡಿ ಹುಟ್ಟಿತು. ಬಟ್ಟೆಯನ್ನು ಅಳೆದು ನೋಡಲು ಒಂದು ಮೈ ಬೇಕಿತ್ತು. ದುವಾನ್ ಆಗ ಹದಿನಾಲ್ಕರವ, ಸೈಕಲ್ ಬಿಟ್ಟು ಇಳಿಯದವ. ಮೇಜಿನ ಮೇಲೆ ನಿಲ್ಲಿಸಿ ಗುಂಡುಸೂಜಿ ಚುಚ್ಚುತ್ತಿದ್ದರೆ "ಅಮ್ಮಾ, ನಾನೇನು ಆಲೂಗಡ್ಡೆ ಮೂಟೆನಾ?" ಎಂದು ಗೊಣಗುತ್ತಿದ್ದ. ಬೆಳೆದ, ಹೆಗಲು ಅಗಲವಾಯಿತು, ಜಿಲ್ಲೆಯ ತಂಡದಲ್ಲಿ ಸೈಕಲ್ ಓಡಿಸಿದ. ಹತ್ತೊಂಬತ್ತಾದಾಗ ಅವನ ಮೈಯಿಂದ ತೆಗೆದ ರಟ್ಟಿನ ಅಚ್ಚೇ ಇವತ್ತಿಗೂ ಕಾರ್ಖಾನೆಯ ಮೀಡಿಯಂ ಅಳತೆ. ಅಚ್ಚಿನ ಮೂಲೆಯಲ್ಲಿ ಸೀಸದಕಡ್ಡಿಯಲ್ಲಿ ಬರೆದ ‘ದು’ ಇನ್ನೂ ಅಳಿಸಿಲ್ಲ. ಯಾವ ದೇಶದ ಸವಾರ ಮೀಡಿಯಂ ಕೇಳಿದರೂ, ಎಡೆಲ್ಮಿರಾ ಕೈಗೆ ಬರುವುದು ಮಗನ ಬೆನ್ನಿನ ಅಗಲ.

ಒಂಬತ್ತು ವರ್ಷದ ಹಿಂದೆ ಕಂಪನಿಗೆ ಸಮುದ್ರದಾಚೆಯಿಂದ ಮೊದಲ ದೊಡ್ಡ ಆರ್ಡರ್ ಬಂತು. ಮುನ್ನೂರು ಜೆರ್ಸಿ. ಜಿಪ್ಪುಗಳು ಬರುವುದು ತಡವಾಯಿತು. ಸರಕು ಪವಿತ್ರ ಶನಿವಾರ ಮಧ್ಯಾಹ್ನದ ಲಾರಿಗೆ ಹೋಗಲೇಬೇಕಿತ್ತು. ಅಂದರೆ ಶುಕ್ರವಾರವೂ ಹೊಲಿಯಬೇಕು. ಯೇಸುವನ್ನು ಶಿಲುಬೆಗೇರಿಸಿದ ಆ ದಿನ ಈ ಸೀಮೆಯಲ್ಲಿ ಮೊಳೆ ಹೊಡೆಯುವುದಿಲ್ಲ, ಕೊಡಲಿ ಎತ್ತುವುದಿಲ್ಲ, ಸೂಜಿಯನ್ನಂತೂ ಮುಟ್ಟುವುದೇ ಇಲ್ಲ. ಅವತ್ತು ಬಟ್ಟೆಗೆ ಚುಚ್ಚಿದ ಸೂಜಿ ಸ್ವಾಮಿಯ ಮೈಗೆ ಚುಚ್ಚುತ್ತದೆ ಎಂದು ಅಜ್ಜಿಯರು ಗುರುವಾರ ಸಂಜೆಗೇ ಕತ್ತರಿ, ಸೂಜಿ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ.

"ಎಫ್ರೇನ್ ಮನೆ ಬಾಗಿಲಿಗೆ ಬಂದು ನಿಂತ. ಇದೊಂದ್ಸಲ ದೊನ್ಯಾ, ಇದೊಂದ್ಸಲ ಅಂದ. ಅವನ ಮುಖ ನೋಡಿ ಇಲ್ಲ ಅನ್ನೋಕೆ ಆಗ್ಲಿಲ್ಲ. ಐದು ಜನ ಹೋದ್ವಿ. ಸದ್ದು ಬೀದಿಗೆ ಕೇಳ್ಬಾರ್ದು ಅಂತ ಕಿಟಕಿಗೆಲ್ಲ ಕಂಬಳಿ ಕಟ್ಟಿದ್ವಿ. ಸ್ವಾಮಿನ ಹೊತ್ಕೊಂಡು ಮೆರವಣಿಗೆ ಆ ಬೀದಿಲೇ ಬಂತು. ಮೆಶಿನ್ ನಿಲ್ಸಿ, ಮೆಶಿನ್ ಸಂದೀಲೇ ಮಂಡಿ ಊರಿದ್ವಿ. ಡೋಲಿನ ಸದ್ದು ದೂರ ಆಗೋವರ್ಗೂ ಯಾರೂ ಉಸಿರು ಬಿಡ್ಲಿಲ್ಲ. ಆಮೇಲೆ ಎದ್ದು ಮತ್ತೆ ಹೊಲಿದ್ವಿ."

ಅವರ ಮನೆಯಲ್ಲೊಂದು ಪದ್ಧತಿಯಿತ್ತು. ಈ ಊರಿನ ಎಲ್ಲ ಮನೆಗಳಲ್ಲೂ ಉಂಟು. ಹೊರಗೆ ಹೊರಟ ಮಕ್ಕಳ ಹಣೆಯ ಮೇಲೆ ತಾಯಿ ಬಾಗಿಲಲ್ಲಿ ನಿಂತು ಹೆಬ್ಬೆರಳಿನಿಂದ ಶಿಲುಬೆಯ ಗುರುತು ಬರೆದು, "ದೇವರು ಕಾಯ್ಲಿ, ಹೋಗ್ಬಾ" ಎನ್ನಬೇಕು. ದುವಾನ್ ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ಹೊಸ್ತಿಲ ಮುಂದೆ ಒಂದು ಕಾಲೂರಿ, ಹೆಲ್ಮೆಟ್ ಹಿಂದಕ್ಕೆ ಸರಿಸಿ, ಹಣೆ ಬಗ್ಗಿಸುತ್ತಿದ್ದ.

ಶನಿವಾರ ಎಡೆಲ್ಮಿರಾ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋದರು. ಮಗ ಮಲಗಿದ್ದ, ಎಬ್ಬಿಸಲಿಲ್ಲ. ಆರ್ಡರಿನ ಮೊದಲ ಜೆರ್ಸಿಯನ್ನು ಘಾಟಿಯಲ್ಲಿ ಹಾಕಿ ನೋಡಲು ಅವನಿಗೇ ಕೊಟ್ಟಿದ್ದರು. ಆರು ಗಂಟೆಗೆ ಎದ್ದು ಅದನ್ನು ತೊಟ್ಟು ಹೊರಟ. ಬಾಗಿಲಲ್ಲಿ ಯಾರೂ ಇರಲಿಲ್ಲ. ವೆಂತಾನಾಸ್ ಘಾಟಿ ಹತ್ತಿ, ಮಂಜಿನಲ್ಲಿ ಇಳಿದು ಬರುವಾಗ ಮೂರನೇ ತಿರುವಿನಲ್ಲಿ ಹಾಲಿನ ಲಾರಿ ಎದುರಾಯಿತು. ಎಫ್ರೇನ್ ಸುದ್ದಿ ಹೊತ್ತು ಒಳಗೆ ಬಂದಾಗ ಎಡೆಲ್ಮಿರಾ ಮುಂದೆ ಇನ್ನೂ ಹದಿನಾಲ್ಕು ಜೆರ್ಸಿ ಬಾಕಿ ಇದ್ದವು. ಅವನ್ನು ರೊಸಾಲ್ಬಾ ಅಳುತ್ತಲೇ ಹೊಲಿದು ಮುಗಿಸಿದರು. ಸರಕಿನ ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಕಂಪನಿಯ ಅದೃಷ್ಟ ತೆರೆದದ್ದು ಆ ಮುನ್ನೂರು ಜೆರ್ಸಿಗಳಿಂದಲೇ.

ಊರು ಸುಮ್ಮನಿರಲಿಲ್ಲ. ನೀರಿನ ನಲ್ಲಿಯ ಬಳಿ, ಚರ್ಚಿನ ಮೆಟ್ಟಿಲ ಮೇಲೆ, "ಶುಕ್ರವಾರ ಸೂಜಿ ಹಿಡಿದೋಳು" ಎಂಬ ಮಾತು ಬಹಳ ದಿನ ಓಡಾಡಿತು. ಪಾದ್ರಿಗಳು ಮನೆಗೇ ಬಂದು, "ದೇವರು ಸೂಜಿ ಎಣಿಸುತ್ತಾ ಕೂರೋನಲ್ಲ ಮಗಳೇ" ಎಂದು ಸಮಾಧಾನ ಹೇಳಿದರು.

"ಅವ್ರಿಗೆ ಗೊತ್ತಿಲ್ಲ" ಎನ್ನುತ್ತಾರೆ ಎಡೆಲ್ಮಿರಾ. ದನಿ ಏರುವುದಿಲ್ಲ, ಕೈ ನಿಲ್ಲುವುದಿಲ್ಲ. "ಊರವರು ಸೂಜಿ ಅಂತಾರೆ. ಸೂಜಿಗೆ ಸ್ವಾಮಿ ಕ್ಷಮಿಸ್ಯಾನು, ಅವನು ಮೊಳೆಗೇ ಕ್ಷಮಿಸಿದೋನು. ನಂಗೆ ಇರೋದು ಬಾಗಿಲಿನ ಸಂಕಟ. ಆ ಮಗು ಹೆಲ್ಮೆಟ್ ಹಿಂದಕ್ಕೆ ತಳ್ಳಿ ಒಂದು ಗಳಿಗೆ ನಿಂತಿತ್ತೋ ಏನೋ. ನಿಂತು ನೋಡಿ ಹೋಯ್ತೋ ಏನೋ. ಅದೊಂದು ನಂಗೆ ಗೊತ್ತಿಲ್ಲ."

ನಲವತ್ತು ದಿನ ಕಳೆದು ಕೆಲಸಕ್ಕೆ ಮರಳಿದ ಬೆಳಿಗ್ಗೆ, ಮೊದಲ ಜೆರ್ಸಿಯ ಆರನೇ ಮೂಲೆಗೆ ಬಂದಾಗ ಕೈ ತಾನಾಗಿಯೇ ಅಡ್ಡಕ್ಕೆ ತಿರುಗಿತು. ಬಾಯಲ್ಲಿ ಮಾತು ಬಂತು: ದೇವರು ಕಾಯ್ಲಿ, ಹೋಗ್ಬಾ. ಅಂದಿನಿಂದ ದಿನಕ್ಕೆ ಎಪ್ಪತ್ತು ಜೆರ್ಸಿ, ಎಪ್ಪತ್ತು ಸಲ ಅದೇ ಮಾತು. ಒಂಬತ್ತು ವರ್ಷಕ್ಕೆ ಒಂದೂವರೆ ಲಕ್ಷ ದಾಟಿರಬೇಕು. ಅವರು ಲೆಕ್ಕ ಇಟ್ಟಿಲ್ಲ. ಚೆಕಿಂಗ್ ಮಾಡುವ ಹುಡುಗಿಯರು ಅದನ್ನು ಗಟ್ಟಿ ಮಾಡಲು ಹಾಕಿದ ಹೊಲಿಗೆ ಎಂದುಕೊಂಡರು. ಗಟ್ಟಿಯಂತೂ ಹೌದು. ಎಫ್ರೇನ್‌ಗೆ ಮೊದಲ ದಿನವೇ ತಿಳಿದಿತ್ತು, ಏನೂ ಕೇಳಲಿಲ್ಲ. ಆ ವರ್ಷದಿಂದ ಪವಿತ್ರ ಶುಕ್ರವಾರ ಯಾವ ಆರ್ಡರ್ ಬಿದ್ದುಹೋದರೂ ಕಾರ್ಖಾನೆಯ ಬೀಗ ತೆಗೆದಿಲ್ಲ.

ಗುಟ್ಟು ಹೊರಬಿದ್ದದ್ದು ಈ ಫೆಬ್ರವರಿಯಲ್ಲಿ. ಹೊಸ ಯಂತ್ರದವರು ಗಡಿಯಾರ ಹಿಡಿದು ಪ್ರತಿ ಹೊಲಿಗೆಗೆ ಎಷ್ಟು ಹೊತ್ತು ಎಂದು ಬರೆದುಕೊಳ್ಳುತ್ತಿದ್ದರು. ಐದು ಮೂಲೆಗೆ ನಾಲ್ಕು ನಾಲ್ಕು ಸೆಕೆಂಡು, ಆರನೆಯದಕ್ಕೆ ಒಂಬತ್ತು. ಯಾಕೆ? "ಅಭ್ಯಾಸ" ಎಂದರು ಎಡೆಲ್ಮಿರಾ. ತಡೆಯಲಾರದೆ ರೊಸಾಲ್ಬಾ, "ಅಭ್ಯಾಸ ಅಲ್ಲ, ಅದು ದುವಾನ್‌ದು" ಎಂದುಬಿಟ್ಟರು. ಆಮೇಲೆ ಒಂದು ವಾರ ಇಬ್ಬರಿಗೂ ಮಾತಿರಲಿಲ್ಲ.

ಮಾರಾಟದ ವಿಭಾಗದ ಸಿಲ್ವಾನಾ ಬೊಗೊತಾದವಳು, ಇಪ್ಪತ್ತೆಂಟರ ಹುಡುಗಿ. ಕತೆ ಕೇಳಿ ನಿಜವಾಗಿಯೂ ಅತ್ತಳು. ಮುಂದಿನ ತಿಂಗಳು ಒಂದು ಯೋಜನೆ ತಂದಳು. ‘ತಾಯಿಯ ಆಶೀರ್ವಾದ’ ಎಂಬ ಹೆಸರಿನಲ್ಲಿ ಬೇರೆಯದೇ ಜೆರ್ಸಿ, ವರ್ಷಕ್ಕೆ ಮುನ್ನೂರು ಮಾತ್ರ, ಎರಡರಷ್ಟು ಬೆಲೆ. ಶಿಲುಬೆಯ ಹೊಲಿಗೆ ಹೊರಮಗ್ಗುಲಿಗೆ, ಚಿನ್ನದ ಬಣ್ಣದ ನೂಲಿನಲ್ಲಿ. ಜೊತೆಗೊಂದು ಚೀಟಿ, ಅದರಲ್ಲಿ ದುವಾನ್‌ನ ಫೋಟೊ. ಎಡೆಲ್ಮಿರಾ ಒಪ್ಪಿದರೆ ಅವರ ಹಳೆಯ ಮೆಶಿನ್ ಇದ್ದಲ್ಲೇ ಇರುತ್ತದೆ, ಆರನೇ ಮೂಲೆಯೂ ಉಳಿಯುತ್ತದೆ. ಒಪ್ಪದಿದ್ದರೆ ಈಸ್ಟರ್ ಕಳೆದ ಸೋಮವಾರ ಎಲ್ಲವೂ ಅಂಟಿಗೆ ಹೋಗುತ್ತದೆ.

ಮಧ್ಯಾಹ್ನ ಗೋಧಿನುಚ್ಚಿನ ಸಾರಿನ ಬಟ್ಟಲು ಹಿಡಿದು ಎಲ್ಲರೂ ಅಂಗಳದ ಬಿಸಿಲಿಗೆ ಕೂತಿದ್ದಾಗ ಸಿಲ್ವಾನಾ ಬಂದು ಪಕ್ಕದಲ್ಲಿ ಕೂರುತ್ತಾಳೆ.

"ಯೋಚ್ನೆ ಮಾಡಿದ್ರಾ, ದೊನ್ಯಾ?"

"ಮಾಡ್ದೆ ಮಗಳೇ. ಬೇಡ."

"ನೀವು ಹಾಕೋ ಹೊಲಿಗೆ ಉಳಿಯುತ್ತಲ್ಲ. ದುವಾನ್ ಯಾರು ಅಂತ ಎಲ್ರಿಗೂ ಗೊತ್ತಾಗುತ್ತೆ."

"ಗೊತ್ತಾಗಿ?"

ಎಡೆಲ್ಮಿರಾ ಬಟ್ಟಲು ಕೆಳಗಿಟ್ಟು ಅವಳ ಕಡೆ ತಿರುಗುತ್ತಾರೆ. ಈ ಊರಿನಲ್ಲಿ ಪ್ರೀತಿಗೂ ಮರ್ಯಾದೆಗೂ ಒಂದೇ ಸಂಬೋಧನೆ, ಸುಮೆರ್ಸೆ.

"ಸುಮೆರ್ಸೆ ಮನೆಯಿಂದ ಹೊರಡೋವಾಗ ಅಮ್ಮ ಹಣೆಗೆ ಗುರುತು ಹಾಕ್ತಾರಾ?"

"ಈಗ್ಲೂ ಹಾಕ್ತಾರೆ. ಬಸ್ಸಿಗೆ ಲೇಟಾದ್ರೂ ಬಿಡಲ್ಲ."

"ಹಾಕಿ, ನಾನು ಹಾಕಿದೀನಿ ಅಂತ ಕೈಗೊಂದು ಚೀಟಿ ಕೊಡ್ತಾರಾ?"

ಸಿಲ್ವಾನಾ ನಕ್ಕುಬಿಡುತ್ತಾಳೆ. ನಗು ಅರ್ಧಕ್ಕೇ ನಿಂತು ಕಣ್ಣು ತುಂಬುತ್ತದೆ.

"ಕೊಂಡೋರಿಗೆ ಮಾತ್ರ ಅಂದ್ರೆ ಅದು ಆಶೀರ್ವಾದ ಹೆಂಗಾಗುತ್ತೆ ಮಗಳೇ. ಆ ಒಂದೂವರೆ ಲಕ್ಷ ಜನ ಯಾರೋ ಏನೋ. ಕೆಟ್ಟೋರೂ ಇದ್ದಾರು, ದೇವ್ರನ್ನ ನಂಬ್ದೋರೂ ಇದ್ದಾರು. ಅವ್ರಿಗೂ ಒಬ್ಬಳು ತಾಯಿ ಇರ್ತಾಳೆ, ಅವಳು ಬಾಗಿಲಲ್ಲಿ ಇರ್ಲಿಲ್ಲ ಅಂದ್ರೆ ನನ್ನದೊಂದು ಇರ್ಲಿ ಅಂತ ಹಾಕ್ದೆ. ನಿನ್ನ ಚಿನ್ನದ ನೂಲು ಚೆನ್ನಾಗಿದೆ. ಆದ್ರೆ ದುವಾನ್‌ನ ಫೋಟೊ ಅಂಗಡಿ ಗಾಜಿನೊಳಗೆ ನಿಲ್ಲೋದು ಬೇಡ. ಅವನಿಗೆ ನಿಂತ್ಕೊಳ್ಳೋದೇ ಆಗ್ತಿರ್ಲಿಲ್ಲ."

ಸಂಜೆ ಎಫ್ರೇನ್ ಮೆಶಿನ್ನಿನ ಪಕ್ಕ ಬಂದು ನಿಲ್ಲುತ್ತಾರೆ. ತಲೆ ನರೆತಿದೆ, ಈಗಲೂ ಎಡೆಲ್ಮಿರಾ ಮುಂದೆ ಹರಿದ ಚಡ್ಡಿ ಹಿಡಿದು ಬಂದ ಹುಡುಗನ ಹಾಗೇ ನಿಲ್ಲುತ್ತಾರೆ.

"ಯಂತ್ರ ನಿಲ್ಸೋಕೆ ನನ್ನ ಕೈಲಿ ಆಗಲ್ಲ ದೊನ್ಯಾ. ಬೇರೆ ಕಂಪನಿಯವ್ರೆಲ್ಲ ಹೊಲಿಗೆ ಬಿಟ್ಟಿದಾರೆ. ನಾವೂ ಬಿಡ್ಲಿಲ್ಲ ಅಂದ್ರೆ ಇವ್ರು ತೊಂಬತ್ತು ಜನ ಎಲ್ಲಿಗೆ ಹೋಗ್ತಾರೆ?"

"ನಾನೇನು ನಿಲ್ಸು ಅಂದ್ನಾ? ಒಂದು ಕೇಳ್ತೀನಿ, ಕೊಡು. ಹರಿದಿದ್ದು ಬರುತ್ತಲ್ಲ, ಆ ಮೇಜು ನಂಗೆ ಕೊಡು."

ಕಂಪನಿಗೊಂದು ನೇಮವಿದೆ: ಬಿದ್ದು ಜೆರ್ಸಿ ಹರಿದರೆ ಬಿಟ್ಟಿಯಾಗಿ ಹೊಲಿದು ಕಳಿಸುವುದು. ಬೀಳುವುದರ ಕಷ್ಟ ಬಲ್ಲ ಎಫ್ರೇನ್ ಮಾಡಿದ ನೇಮ ಅದು. ಹರಿದ ಬಟ್ಟೆಗೆ ಬಿಸಿ ಅಂಟು ಹಿಡಿಯುವುದಿಲ್ಲ, ಸೂಜಿಯೇ ಬೇಕು. ಕೊಠಡಿಯ ಹಿಂದಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಯಾರಿಗೂ ಬೇಡವಾದ ಮೇಜು. ದಿನಕ್ಕೆ ಎಪ್ಪತ್ತು ಹೊಲಿಯುವವರು ಅಲ್ಲಿ ಕೂತರೆ ಏಳೆಂಟು ಮುಗಿದರೆ ಹೆಚ್ಚು.

ಎಫ್ರೇನ್ ಆಗಲಿ ಎಂದು ತಲೆಯಾಡಿಸುತ್ತಾರೆ.

ಮನೆಯ ಬೀರುವಿನಲ್ಲಿ ಇನ್ನೊಂದು ಹರಿದ ಜೆರ್ಸಿ ಇದೆ. ಆಸ್ಪತ್ರೆಯವರು ಕತ್ತರಿಯಲ್ಲಿ ಎದೆಯುದ್ದಕ್ಕೂ ಸೀಳಿ ಚೀಲದಲ್ಲಿ ಹಾಕಿಕೊಟ್ಟದ್ದು. ಒಗೆದು ಮಡಿಸಿಟ್ಟಿದ್ದಾರೆ. ಯಾಕೆ ಹೊಲಿದಿಲ್ಲ ಎಂದರೆ ಹೇಳುತ್ತಾರೆ: "ಹೊಲಿದ್ರೆ ಹಾಕ್ಕೊಳ್ಳೋರು ಬೇಕಲ್ಲ."

ಪವಿತ್ರ ಶುಕ್ರವಾರ ಬೆಟ್ಟದ ಊರುಗಳೆಲ್ಲ ಮೌನವಾಗಿರುತ್ತವೆ. ಎಡೆಲ್ಮಿರಾ ಮನೆಯ ಸೂಜಿ ಡಬ್ಬಿಗೆ ಬೀಗ ಬಿದ್ದಿದೆ. ಶನಿವಾರ ಅವರು ನಡೆದುಕೊಂಡೇ ವೆಂತಾನಾಸ್ ಘಾಟಿಯ ಮೂರನೇ ತಿರುವಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಇಳಿದು ಬರುವ ಸವಾರರ ಬೆನ್ನಿನ ಮೇಲೆ ತಾವೇ ಹೊಲಿದ ಜೇಬುಗಳು ಗಾಳಿಗೆ ಉಬ್ಬಿಕೊಂಡು ಸರಕ್ಕನೆ ಹಾದುಹೋಗುತ್ತವೆ. ಯಾರೂ ನಿಲ್ಲುವುದಿಲ್ಲ. ನಿಲ್ಲಲೆಂದು ಅವರು ಬಯಸುವುದೂ ಇಲ್ಲ.

ಸೋಮವಾರ ಬೆಳಗಿನ ಐದೂವರೆ. ಹಳೆಯ ಜಾಗದಲ್ಲಿ ಹೊಸ ಯಂತ್ರ ಬಟ್ಟೆ ಹೊದ್ದು ನಿಂತಿದೆ. ಹಿಂದಿನ ಮೂಲೆಯ ಮೇಜಿನ ಮೇಲೆ ಬೆಲ್ಲದ ನೀರಿನ ಲೋಟ ಹಬೆಯಾಡುತ್ತಿದೆ. ಎಡೆಲ್ಮಿರಾ ಮೊದಲ ಪೊಟ್ಟಣ ಬಿಚ್ಚುತ್ತಾರೆ. ಬಲ ಹೆಗಲು ಚಿಂದಿ, ಡಾಂಬರಿನ ಕಪ್ಪು ಪುಡಿ ಇನ್ನೂ ಅಂಟಿದೆ. ಜೇಬನ್ನು ಒಳಮಗ್ಗುಲಿಗೆ ತಿರುಗಿಸುತ್ತಾರೆ. ಮೂರು ಮೂಲೆ ಕಿತ್ತುಹೋಗಿವೆ. ಆರನೆಯದು ಹಾಗೇ ಇದೆ. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿ ಸೂಜಿಗೆ ನೂಲು ಪೋಣಿಸುತ್ತಾರೆ.

ರೊಸಾಲ್ಬಾ ಕೈ ಉಜ್ಜುತ್ತ ಬಂದು ರಾಶಿಯನ್ನು ನೋಡುತ್ತಾರೆ.

"ಎಷ್ಟೇ ಬಂದಿರೋದು?"

"ಹದಿನೇಳು."

"ಅಯ್ಯೋ ದೇವರೇ. ಒಂದು ವಾರಕ್ಕೆ ಹದಿನೇಳು ಜನ ಬಿದ್ರಾ, ಪಾಪ!"

ಎಡೆಲ್ಮಿರಾ ನೂಲನ್ನು ಹಲ್ಲಿನಿಂದ ಕಡಿಯುತ್ತಾರೆ.

"ಸತ್ತೋರ ಅಂಗಿನ ಯಾರೂ ರಿಪೇರಿಗೆ ಕಳ್ಸಲ್ಲ ಕಣೆ. ಇವ್ರು ಎದ್ದೋರು. ಹದಿನೇಳೂ ಎದ್ದೋರು."